ಸ್ಥಾನ ತಪ್ಪಿದ ಬಸಿರು: ಪತ್ತೆಯ ಹಾದಿ



1881ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಶಸ್ತ್ರವೈದ್ಯ ರಾಬರ್ಟ್ ಲಾಸನ್ ಟೇಟ್ ಅವರಿಗೆ ಒಂದು ಕರೆ ಬಂತು. ಹಾಲ್‌ರೈಟ್ ಎಂಬ ವೈದ್ಯರು ತಮ್ಮ ರೋಗಿಯೊಬ್ಬಳನ್ನು ನೋಡಲು ಬರಬೇಕೆಂದು ಕೇಳಿಕೊಂಡಿದ್ದರು. ಆಕೆಯ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಗರ್ಭ ನಿಂತಿರುವುದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ಅಂಡನಾಳದಲ್ಲಿ. ಆ ನಾಳ ಈಗ ಒಡೆದಿದೆ ಎಂಬುದು ಹಾಲ್‌ರೈಟ್ ಅವರ ತೀರ್ಮಾನ. ಹೊಟ್ಟೆ ತೆರೆದು ಒಡೆದ ನಾಳವನ್ನು ತೆಗೆದುಬಿಡಬೇಕು ಎಂದು ಅವರು ಸೂಚಿಸಿದರು. ಟೇಟ್ ಸಾಮಾನ್ಯ ವೈದ್ಯರಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅವರಷ್ಟು ಧೈರ್ಯಶಾಲಿ ಆ ದೇಶದಲ್ಲಿ ಕೆಲವರೇ ಇದ್ದರು. ಆದರೂ ಅವರು ಅಂದು ಹಿಂಜರಿದರು. ಆಕೆ ಮತ್ತೆ ರಕ್ತಸ್ರಾವವಾಗಿ ತೀರಿಕೊಂಡಳು.

ಮರಣೋತ್ತರ ಪರೀಕ್ಷೆಯಲ್ಲಿ ಹಾಲ್‌ರೈಟ್ ಹೇಳಿದ್ದೇ ನಿಜವೆಂದು ಕಂಡುಬಂತು.  ಒಂದು ದಾರದಿಂದ ಬಿಗಿದು ಕಟ್ಟಿದ್ದರೆ ರಕ್ತ ನಿಲ್ಲುತ್ತಿತ್ತು. 1888ರಲ್ಲಿ ಅಚ್ಚಾದ ತಮ್ಮ ಉಪನ್ಯಾಸಗಳಲ್ಲಿ ಟೇಟ್ ಇದನ್ನು ಮುಚ್ಚಿಡಲಿಲ್ಲ. ಆ ಸಲಹೆ ಕೇಳಿ ತಾವು ಬೆಚ್ಚಿದ್ದು ಇಂದಿಗೂ ನಾಚಿಕೆ ತರುತ್ತದೆ, ಅಂದು ಕೈಹಾಕಿದ್ದರೆ ಆಕೆ ಉಳಿಯುತ್ತಿದ್ದಳು ಎಂಬರ್ಥದಲ್ಲಿ ಬರೆದರು.

ವೈದ್ಯಲೋಕ ಎಕ್ಟೋಪಿಕ್ ಎಂದು ಕರೆಯುವ, ನಮ್ಮ ಆಸ್ಪತ್ರೆಗಳ ಆಡುಮಾತಿನಲ್ಲಿ ‘ಟ್ಯೂಬಿನಲ್ಲಿ ಗರ್ಭ ನಿಂತಿದೆ’ ಎಂದು ಹೇಳುವ ಈ ಸ್ಥಿತಿಯ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಇದಕ್ಕೆ ಚಿಕಿತ್ಸೆ ಸಿಕ್ಕಿದ್ದು ಮೊದಲು. ನಾಳ ಒಡೆಯುವ ಮುನ್ನವೇ ಅದನ್ನು ಗುರುತಿಸುವ ದಾರಿ ಸಿಕ್ಕಿದ್ದು ಸುಮಾರು ನೂರು ವರ್ಷಗಳ ಬಳಿಕ. ಆ ದಾರಿ ಹೇಗೆ ತೆರೆಯಿತು, ಇಂದಿಗೂ ಅದರಲ್ಲಿ ಮಹಿಳೆಯರು ಎಲ್ಲಿ ಎಡವುತ್ತಾರೆ ಎಂಬುದು ಇಂದಿನ ಮಾತಿನ ವಿಷಯ.

ಕಹಳೆಯಂಥ ನಾಳ

ಗರ್ಭಕೋಶದ ಎರಡು ಬದಿಗಳಿಂದ ಒಂದೊಂದು ನಾಳ ಹೊರಟು ಅಂಡಾಶಯದ ಬಳಿ ಬಾಯಿ ತೆರೆಯುತ್ತದೆ. ಇದನ್ನು ವಿವರವಾಗಿ ವರ್ಣಿಸಿದವರು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರಜ್ಞ ಗೇಬ್ರಿಯೆಲ್ ಫಲೋಪಿಯೊ, 1561ರಲ್ಲಿ. ತುದಿಯಲ್ಲಿ ಅಗಲವಾಗುವ ಅದರ ಆಕಾರ ಅವರಿಗೆ ಕಹಳೆಯನ್ನು ನೆನಪಿಸಿತು. ಲ್ಯಾಟಿನ್ನಿನಲ್ಲಿ ಕಹಳೆಗೆ ‘ಟ್ಯೂಬಾ’ ಎಂದು ಹೆಸರು. ಅದೇ ಮುಂದೆ ಇಂಗ್ಲಿಷಿನಲ್ಲಿ ‘ಟ್ಯೂಬ್’ ಆಗಿ ಕೊಳವೆಯ ಅರ್ಥಕ್ಕೆ ಇಳಿಯಿತು.

ಅಂಡಾಣು ಮತ್ತು ವೀರ್ಯಾಣು ಕೂಡುವುದು ಈ ನಾಳದಲ್ಲೇ. ಕೂಡಿದ ಮೇಲೆ ಮೂರು ನಾಲ್ಕು ದಿನಗಳಲ್ಲಿ ಅದು ನಾಳದೊಳಗಿನ ನವಿರಾದ ರೋಮಗಳ ಚಲನೆಯಿಂದ ಗರ್ಭಕೋಶಕ್ಕೆ ಬಂದು ನೆಲೆಯೂರಬೇಕು. ಹಿಂದೆ ಸೋಂಕು ತಗಲಿ ನಾಳದ ಒಳಪದರ ಕೆಟ್ಟಿದ್ದರೆ, ಶಸ್ತ್ರಚಿಕಿತ್ಸೆಯಿಂದ ಅಂಟು ಬಿದ್ದಿದ್ದರೆ ಪಯಣ ಅರ್ಧಕ್ಕೇ ನಿಲ್ಲಬಹುದು. ಭಾರತದಲ್ಲಿ ಜನನಾಂಗದ ಕ್ಷಯರೋಗವೂ ನಾಳ ಕೆಡಿಸುವ ಮುಖ್ಯ ಕಾರಣಗಳಲ್ಲಿ ಒಂದು. ಧೂಮಪಾನ ಮತ್ತು ಹಿಂದೊಮ್ಮೆ ಹೀಗೇ ಆಗಿರುವುದು ಕೂಡ ಅಪಾಯ ಹೆಚ್ಚಿಸುತ್ತವೆ. ಆದರೆ ಎಕ್ಟೋಪಿಕ್ ಆದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ ಎಂಬುದು ನೆನಪಿಡಬೇಕಾದ ಮಾತು.

ನೂರು ಬಸಿರುಗಳಲ್ಲಿ ಒಂದೋ ಎರಡೋ ಹೀಗೆ ಸ್ಥಾನ ತಪ್ಪುತ್ತವೆ. ಅವುಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ನಾಳದಲ್ಲೇ ನಿಲ್ಲುವಂಥವು. ಉಳಿದವು ಅಂಡಾಶಯದಲ್ಲಿ, ಗರ್ಭಕೋಶದ ಕೊರಳಿನಲ್ಲಿ, ಹಳೆಯ ಸಿಸೇರಿಯನ್ ಗಾಯದ ಕಲೆಯಲ್ಲಿ, ಅಪರೂಪಕ್ಕೆ ಹೊಟ್ಟೆಯೊಳಗೆ ನಿಲ್ಲುತ್ತವೆ. ಗರ್ಭಕೋಶದ ಗೋಡೆ ದಪ್ಪ. ಬೆಳೆಯುವ ಗರ್ಭಕ್ಕೆ ಹಿಗ್ಗಿ ಜಾಗ ಕೊಡುತ್ತದೆ. ನಾಳದ ಗೋಡೆ ತೆಳು. ಗರ್ಭದ ಬೇರುಗಳು ಅಲ್ಲಿನ ರಕ್ತನಾಳಗಳನ್ನೇ ಕೊರೆಯುತ್ತವೆ. ಬಹುಮಟ್ಟಿಗೆ ಆರರಿಂದ ಎಂಟು ವಾರಗಳ ಹೊತ್ತಿಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ನಾಳದಲ್ಲಿ ನಿಂತ ಗರ್ಭವನ್ನು ಕಿತ್ತು ಗರ್ಭಕೋಶದಲ್ಲಿ ನೆಡುವ ವಿದ್ಯೆ ಇಲ್ಲ. ಆ ಬಸಿರು ಉಳಿಯುವುದಿಲ್ಲ. ಉಳಿಸಬೇಕಾದದ್ದು ತಾಯಿಯನ್ನು.

ಸತ್ತ ಮೇಲಿನ ತಿಳಿವು

ಶತಮಾನಗಳ ಕಾಲ ಈ ಕಾಯಿಲೆ ತಿಳಿದದ್ದು ಶವ ಕೊಯ್ದಾಗ, ಇಲ್ಲವೇ ಆಕಸ್ಮಿಕವಾಗಿ. ಸ್ಪೇನಿನ ಕಾರ್ಡೋಬಾದ ಬಳಿ ಬಾಳಿದ, ಸುಮಾರು ಸಾವಿರ ವರ್ಷಗಳ ಹಿಂದಿನ ಅರಬ್ ವೈದ್ಯ ಅಲ್ ಜಹರಾವಿ ಒಬ್ಬ ಮಹಿಳೆಯ ಪ್ರಸಂಗವನ್ನು ದಾಖಲಿಸಿದ್ದಾನೆ. ಆಕೆಯ ಹೊಟ್ಟೆಯ ಮೇಲೆ ಕೀವುಗಟ್ಟಿದ ಊತ ಕಾಣಿಸಿಕೊಂಡಿತು. ಅದು ಒಡೆದಾಗ ಅದರಿಂದ ಭ್ರೂಣದ ಎಲುಬುಗಳು ಹೊರಬಂದವು. ಗರ್ಭಕೋಶದ ಹೊರಗಿನ ಬಸಿರಿನ ಮೊದಲ ವಿವರಣೆಗಳಲ್ಲಿ ಇದನ್ನು ಸೇರಿಸುತ್ತಾರೆ.

ಕಣ್ಣೆದುರು ಇದ್ದರೂ ಗುರುತು ಸಿಗದ ಪ್ರಸಂಗವೂ ಇದೆ. 1669ರಲ್ಲಿ ಪ್ಯಾರಿಸ್ಸಿನ ವಸಾಲ್ ಎಂಬ ಶಸ್ತ್ರವೈದ್ಯ ಹಲವು ಮಕ್ಕಳ ತಾಯಿಯೊಬ್ಬಳ ಶವವನ್ನು ಕೊಯ್ದಾಗ ಉಬ್ಬಿ ಒಡೆದ ನಾಳವೊಂದನ್ನು ಕಂಡ. ಅದು ಆಕೆಯ ಎರಡನೇ ಗರ್ಭಕೋಶ ಎಂದೇ ಭಾವಿಸಿದ. ಕೆಲವೇ ವರ್ಷಗಳಲ್ಲಿ ಹಾಲೆಂಡಿನ ರೆನಿಯರ್ ಡಿ ಗ್ರಾಫ್ ಅದೇ ಚಿತ್ರವನ್ನು ಪರಿಶೀಲಿಸಿ ಅದು ಗರ್ಭಕೋಶವಲ್ಲ, ಹಿಗ್ಗಿದ ಅಂಡನಾಳ ಎಂದು ತಿದ್ದಿದ.

ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜಾನ್ ಪ್ಯಾರಿ 1876ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅಲ್ಲಿಯವರೆಗೆ ವರದಿಯಾಗಿದ್ದ 500 ಪ್ರಕರಣಗಳನ್ನು ಅವರು ಕಲೆಹಾಕಿದ್ದರು. ಅವುಗಳಲ್ಲಿ 336 ಮಹಿಳೆಯರು ಸತ್ತಿದ್ದರು, ಅಂದರೆ ಮೂವರಲ್ಲಿ ಇಬ್ಬರು. ರಕ್ತಸ್ರಾವದಿಂದ ಸಾಯುತ್ತಿರುವವಳನ್ನು ಹೊಟ್ಟೆ ತೆರೆಯದೆ ಉಳಿಸಲಾಗದು ಎಂದು ಪ್ಯಾರಿ ಸ್ಪಷ್ಟವಾಗಿ ಬರೆದರು. ಆದರೆ ಕೈಹಾಕುವವರು ಬೇಕಿತ್ತು.

ಟೇಟ್ ಅವರಿಗೆ ಎರಡನೇ ಅವಕಾಶ ಬಂದದ್ದು 1883ರ ಜನವರಿಯಲ್ಲಿ. ಈ ಬಾರಿ ಅವರು ಹಿಂಜರಿಯಲಿಲ್ಲ, ಆದರೆ ಹೊಟ್ಟೆಯೊಳಗಿನ ಅಂಟುಗಳನ್ನು ಬಿಡಿಸುತ್ತ ಕಾಲ ಕಳೆದರು. ರೋಗಿ ಉಳಿಯಲಿಲ್ಲ. ಮೊದಲು ರಕ್ತದ ಮೂಲಕ್ಕೇ ಕೈಹಾಕಿ ಕಟ್ಟಬೇಕೆಂಬ ಪಾಠ ಅಲ್ಲಿ ದೊರೆಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಮುಂದಿನ ರೋಗಿ ಬದುಕಿದಳು. ಅಲ್ಲಿಂದ ಮುಂದೆ ಟೇಟ್ ಅವರ ಕೈಯಲ್ಲಿ ಸಾಲು ಸಾಲಾಗಿ ಮಹಿಳೆಯರು ಉಳಿದರು. ವಿಧಾನ ಜಗತ್ತಿಗೆ ಹರಡಿತು.

ಇಷ್ಟಾದರೂ ಟೇಟ್ ಕಂಡದ್ದೆಲ್ಲ ಒಡೆದ ನಾಳಗಳನ್ನೇ. ಒಡೆಯುವ ಮುನ್ನ ಯಾರೂ ತಮ್ಮನ್ನು ಕರೆಯುವುದಿಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಕರೆಯುವುದಾದರೂ ಹೇಗೆ? ಮುಟ್ಟು ತಪ್ಪಿದೆ, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವಿದೆ, ಸ್ವಲ್ಪ ಸ್ರಾವವಾಗಿದೆ ಎಂದು ಹೇಳುವ ಮಹಿಳೆಯರು ಸಾವಿರಾರು. ಅವರಲ್ಲಿ ಯಾರ ನಾಳದಲ್ಲಿ ಗರ್ಭವಿದೆ ಎಂದು ತಿಳಿಯುವ ಉಪಾಯ ಇರಲಿಲ್ಲ.

ಹೆಗಲ ನೋವು, ಹೊಕ್ಕುಳ ನೀಲಿ

ಉಪಕರಣಗಳಿಲ್ಲದ ಕಾಲದ ವೈದ್ಯರು ದೇಹದ ಸೂಚನೆಗಳನ್ನೇ ಓದಬೇಕಿತ್ತು. ಅವುಗಳಲ್ಲಿ ಒಂದು ಹೆಗಲ ತುದಿಯ ನೋವು. ಹೊಟ್ಟೆಯೊಳಗೆ ಸೋರಿದ ರಕ್ತ ಮೇಲಕ್ಕೆ ಹರಿದು ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಹೆಗಲ ಚರ್ಮದ ನರಗಳೂ ಅಲ್ಲಿಂದಲೇ ಹೊರಡುತ್ತವೆ. ಹೀಗಾಗಿ ಮಿದುಳು ಮೋಸಹೋಗಿ ಹೊಟ್ಟೆಯ ನೋವನ್ನು ಹೆಗಲಿನದೆಂದು ತಿಳಿಯುತ್ತದೆ. ಮಲಗಿದರೆ ಹೆಗಲು ನೋಯುತ್ತದೆ ಎನ್ನುವ ಯುವತಿಗೆ ನೋವಿನ ಮುಲಾಮು ಕೊಟ್ಟು ಕಳುಹಿಸುವ ವೈದ್ಯ ಎಂಥ ತಪ್ಪು ಮಾಡಬಲ್ಲನೆಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಥಾಮಸ್ ಕಲೆನ್ 1918ರಲ್ಲಿ ಇನ್ನೊಂದು ಚಿಹ್ನೆ ವರ್ಣಿಸಿದರು. ನಾಳ ಒಡೆದ ರೋಗಿಯ ಹೊಕ್ಕುಳ ಸುತ್ತ ಚರ್ಮ ನೀಲಿಗಟ್ಟಿತ್ತು. ಇಂದಿಗೂ ಅದು ಕಲೆನ್ ಚಿಹ್ನೆ ಎಂದೇ ಪಠ್ಯಪುಸ್ತಕಗಳಲ್ಲಿದೆ. ಆದರೆ ಹೊಕ್ಕುಳು ನೀಲಿಯಾಗುವ ಹೊತ್ತಿಗೆ ಬಹಳಷ್ಟು ರಕ್ತ ಹೋಗಿರುತ್ತದೆ.

ಗರ್ಭಕೋಶದ ಹಿಂದೆ, ಗುದನಾಳದ ಮುಂದೆ ಹೊಟ್ಟೆಯ ಅತಿ ತಗ್ಗಿನ ಗುಳಿಯೊಂದಿದೆ. 18ನೇ ಶತಮಾನದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಡಗ್ಲಸ್ ಅವರ ಹೆಸರು ಅದಕ್ಕಿದೆ. ಸೋರಿದ ರಕ್ತ ಮೊದಲು ನಿಲ್ಲುವುದು ಅಲ್ಲಿಯೇ. ಯೋನಿಯ ಮೂಲಕ ಸೂಜಿ ಚುಚ್ಚಿ ಅಲ್ಲಿಂದ ರಕ್ತ ಎಳೆಯುವ ಪರೀಕ್ಷೆ ಬಹುಕಾಲ ಬಳಕೆಯಲ್ಲಿತ್ತು. ರಕ್ತನಾಳದಿಂದ ಎಳೆದ ರಕ್ತ ಹೆಪ್ಪುಗಟ್ಟುತ್ತದೆ. ಈ ಗುಳಿಯಿಂದ ಎಳೆದದ್ದು ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಅದು ಒಳಗೇ ಒಮ್ಮೆ ಹೆಪ್ಪುಗಟ್ಟಿ ಕರಗಿರುತ್ತದೆ. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಈ ಒಂದು ಸಿರಿಂಜು ಎಷ್ಟೋ ಜೀವ ಉಳಿಸಿದೆ. ಆದರೂ ಅದು ಹೇಳುವುದು ರಕ್ತ ಸೋರಿದ ಮೇಲಿನ ಮಾತು.

ನೇರವಾಗಿ ಒಳಗೆ ಇಣುಕುವ ದಾರಿ ಹೊಟ್ಟೆಯ ದೂರ್ಬೀನು, ಅಂದರೆ ಲ್ಯಾಪರೊಸ್ಕೋಪ್. 1940ರ ದಶಕದಲ್ಲಿ ಪ್ಯಾರಿಸ್ಸಿನ ರಾವುಲ್ ಪಾಮರ್ ಸ್ತ್ರೀರೋಗ ಚಿಕಿತ್ಸೆಯಲ್ಲಿ ಇದನ್ನು ರೂಢಿಗೆ ತಂದರು. ಒಡೆಯುವ ಮುನ್ನವೇ ಉಬ್ಬಿದ ನಾಳವನ್ನು ಕಣ್ಣಾರೆ ಕಾಣಲು ಸಾಧ್ಯವಾಯಿತು. ಆದರೆ ಅದಕ್ಕೆ ಅರಿವಳಿಕೆ ಬೇಕು, ಹೊಟ್ಟೆಗೆ ತೂತು ಹಾಕಬೇಕು. ಸಂಶಯ ಬಂದ ಪ್ರತಿಯೊಬ್ಬಳಿಗೂ ಹೀಗೆ ಮಾಡಲಾಗದು.

ಇಲಿಯಿಂದ ಸಂಖ್ಯೆಗೆ

ಬಸಿರಿದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಪ್ರಯೋಗಾಲಯದಿಂದ ಉತ್ತರ ಬಂದದ್ದು 1920ರ ದಶಕದ ಕೊನೆಯಲ್ಲಿ. ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಬಸುರಿಯ ಮೂತ್ರವನ್ನು ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚಿದರು. ಕೆಲವು ದಿನಗಳ ಬಳಿಕ ಇಲಿಗಳನ್ನು ಕೊಯ್ದು ಅಂಡಾಶಯ ನೋಡಿದರೆ ಅವು ಬೆಳೆದಿರುತ್ತಿದ್ದವು. ಗರ್ಭದ ಅಂಗಾಂಶದಿಂದ ಬರುವ ಹಾರ್ಮೋನೇ ಇದಕ್ಕೆ ಕಾರಣ. ಬಳಿಕ ಮೊಲಗಳು ಬಂದವು. ಲ್ಯಾನ್ಸೆಲಾಟ್ ಹಾಗ್ಬೆನ್ ಅವರ ಅಧ್ಯಯನದಿಂದ ದಕ್ಷಿಣ ಆಫ್ರಿಕಾದ ಒಂದು ಜಾತಿಯ ಕಪ್ಪೆಯೂ ಬಂತು. ಚುಚ್ಚಿದ ಮರುದಿನದೊಳಗೆ ಮೊಟ್ಟೆಯಿಡುತ್ತಿದ್ದ ಆ ಕಪ್ಪೆಯನ್ನು ಕೊಲ್ಲಬೇಕಾಗಿರಲಿಲ್ಲ.

ಇವುಗಳಿಂದ ಎಕ್ಟೋಪಿಕ್ ಪತ್ತೆಗೆ ಹೆಚ್ಚು ಉಪಯೋಗವಾಗಲಿಲ್ಲ. ನಾಳದಲ್ಲಿ ಸೊರಗಿದ ಗರ್ಭ ಹಾರ್ಮೋನನ್ನೂ ಕಡಿಮೆಯೇ ಸುರಿಸುತ್ತದೆ. ಹೀಗಾಗಿ ಪರೀಕ್ಷೆ ‘ಬಸಿರಿಲ್ಲ’ ಎಂದು ಹೇಳಿದರೂ ನಾಳದಲ್ಲಿ ಬಸಿರು ಇರಬಹುದಾಗಿತ್ತು. ಇಂಥ ಸುಳ್ಳು ಸಮಾಧಾನ ಅನುಮಾನಕ್ಕಿಂತ ಹೆಚ್ಚು ಅಪಾಯಕಾರಿ.

ತಿರುವು ಬಂದದ್ದು 1972ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್ ಮತ್ತು ಗ್ರಿಫ್ ರಾಸ್ ಅವರ ತಂಡ ಗರ್ಭದ ಹಾರ್ಮೋನನ್ನು ರಕ್ತದಲ್ಲಿ ಖಚಿತವಾಗಿ ಅಳೆಯುವ ವಿಧಾನ ಪ್ರಕಟಿಸಿತು. ಎಚ್‌ಸಿಜಿ ಎಂಬ ಈ ಹಾರ್ಮೋನಿಗೆ ಎರಡು ಭಾಗಗಳಿವೆ. ಒಂದು ಭಾಗ ದೇಹದ ಬೇರೆ ಹಾರ್ಮೋನುಗಳಲ್ಲೂ ಇದೆ. ಹಳೆಯ ಪರೀಕ್ಷೆಗಳು ಗೊಂದಲಕ್ಕೆ ಸಿಕ್ಕುತ್ತಿದ್ದುದು ಅದರಿಂದಲೇ. ಬೀಟಾ ಎಂಬ ಇನ್ನೊಂದು ಭಾಗವನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಈ ತಂಡ ತಯಾರಿಸಿತು. ಅವರ ಮುಖ್ಯ ಗುರಿ ಬಸಿರಿನ ಪತ್ತೆಯಲ್ಲ. ಇದೇ ಹಾರ್ಮೋನು ಸುರಿಸುವ ಕ್ಯಾನ್ಸರ್ ಗಡ್ಡೆಗಳ ಮೇಲೆ ಕಣ್ಣಿಡುವುದು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್ಟಿಗೂ, ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ‘ನಿಶ್ಚಯ್’ ಕಿಟ್ಟಿಗೂ ತಳಹದಿ ಇಂಥ ಪ್ರತಿಕಾಯಗಳೇ.

ಆದರೆ ಒಂದು ಮಾತು. ಕಿಟ್ಟಿನ ಎರಡು ಗೆರೆ ಬಸಿರಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿದೆ ಎಂದು ಹೇಳುವುದಿಲ್ಲ.

ಕಬ್ಬಿಣದ ಬಿರುಕು ಹುಡುಕುವ ಯಂತ್ರ

‘ಎಲ್ಲಿ’ ಎಂಬುದಕ್ಕೆ ಉತ್ತರ ಶಬ್ದದಿಂದ ಬಂತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ಅಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಬಳಸುತ್ತಿದ್ದರು. ಡೊನಾಲ್ಡ್ ಕಾರಿನ ಡಿಕ್ಕಿಯಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನೂ, ಹೋಲಿಕೆಗೆಂದು ದೊಡ್ಡ ಮಾಂಸದ ತುಂಡನ್ನೂ ಒಯ್ದಿದ್ದರು. ಗಟ್ಟಿ ಗಡ್ಡೆ ಒಂದು ಬಗೆಯ ಪ್ರತಿಧ್ವನಿ ಕೊಟ್ಟಿತು, ನೀರುಗಡ್ಡೆ ಇನ್ನೊಂದು ಬಗೆಯದು. ಎಂಜಿನಿಯರ್ ಟಾಮ್ ಬ್ರೌನ್ ಅವರ ನೆರವಿನಿಂದ ಯಂತ್ರ ಸುಧಾರಿಸಿತು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ವರದಿ ಬಂತು.

ಮೂತ್ರಕೋಶ ತುಂಬಿರುವಾಗ ಅದರ ಮೂಲಕ ಎಳೆಯ ಗರ್ಭದ ಚೀಲ ಸ್ಪಷ್ಟವಾಗಿ ಕಾಣುತ್ತದೆ ಎಂದು ಡೊನಾಲ್ಡ್ 1963ರ ಹೊತ್ತಿಗೆ ಕಂಡುಕೊಂಡರು. ಸ್ಕ್ಯಾನಿಂಗ್ ಕೋಣೆಯ ಹೊರಗೆ ನೀರು ಕುಡಿದು ಚಡಪಡಿಸುತ್ತ ಕೂರುವ ಮಹಿಳೆಯರ ಸಾಲಿಗೆ ಮೂಲ ಇದೇ. 1980ರ ದಶಕದಲ್ಲಿ ಯೋನಿಯ ಮೂಲಕವೇ ನೋಡುವ ಸ್ಕ್ಯಾನ್ ಬಳಕೆಗೆ ಬಂತು. ದೂರ ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ. ಐದನೇ ವಾರದ ಸುಮಾರಿಗೇ ಗರ್ಭಚೀಲ ಗರ್ಭಕೋಶದಲ್ಲಿದೆಯೇ ಎಂದು ನೋಡಲು ಸಾಧ್ಯವಾಯಿತು. ಅಂಡಾಶಯದ ಪಕ್ಕದಲ್ಲಿ ಉಂಗುರದಂಥ ನೆರಳು, ಡಗ್ಲಸ್ ಗುಳಿಯಲ್ಲಿ ನಿಂತ ದ್ರವ ಇವು ಎಕ್ಟೋಪಿಕ್‌ನ ಸೂಚನೆಗಳಾದವು.

ಚಿತ್ರವೂ ಕೆಲವೊಮ್ಮೆ ಮೋಸ ಮಾಡುತ್ತದೆ. ನಾಳದಲ್ಲಿ ಗರ್ಭವಿರುವಾಗ ಗರ್ಭಕೋಶದಲ್ಲಿ ದ್ರವ ಸೇರಿ ಚೀಲದಂತೆ ತೋರಬಹುದು. ಗರ್ಭಕೋಶ ಖಾಲಿ ಕಂಡರೂ ಮೂರು ಸಾಧ್ಯತೆಗಳಿವೆ: ಗರ್ಭ ತೀರ ಎಳೆಯದು, ಗರ್ಭಪಾತವಾಗಿದೆ, ಅಥವಾ ಬಸಿರು ಬೇರೆಡೆ ಇದೆ. ಒಂದು ನೋಟದಲ್ಲಿ ಇವುಗಳನ್ನು ಬೇರ್ಪಡಿಸಲಾಗದು.

48 ಗಂಟೆಗಳ ಅಂತರ

ಸಂಖ್ಯೆ ಮತ್ತು ಚಿತ್ರ ಎರಡನ್ನೂ ಜೋಡಿಸಿದ್ದು 1981ರಲ್ಲಿ ನಿಕೋಲಸ್ ಕಡಾರ್ ಮತ್ತು ಸಂಗಡಿಗರು. ಹಾರ್ಮೋನು ಒಂದು ಮಟ್ಟ ದಾಟಿದ ಮೇಲೂ ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ ಇದ್ದರೆ ಅನುಮಾನಿಸಬೇಕು ಎಂಬುದು ಅವರ ವಾದ. ಹೊಟ್ಟೆಯ ಮೇಲಿಂದ ನೋಡುವ ಅಂದಿನ ಸ್ಕ್ಯಾನಿಗೆ ಆ ಮಟ್ಟ ಒಂದು ಮಿಲಿಲೀಟರಿಗೆ 6500 ಮಿಲಿ ಯೂನಿಟ್ ಇತ್ತು. ಒಳಗಿನಿಂದ ನೋಡುವ ಸ್ಕ್ಯಾನ್ ಬಂದ ಮೇಲೆ ಅದು 1500ರಿಂದ 2000ಕ್ಕೆ ಇಳಿಯಿತು.

ಎರಡನೆಯ ಸೂತ್ರ ಇನ್ನೂ ಸರಳ. ಒಂದು ಸಂಖ್ಯೆಯನ್ನು ನಂಬಬೇಡಿ, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಸರಿಯಾದ ಜಾಗದಲ್ಲಿ ಬೆಳೆಯುವ ಗರ್ಭದ ಹಾರ್ಮೋನು ವೇಗವಾಗಿ ಏರುತ್ತದೆ. ನಾಳದಲ್ಲಿ ಸಿಕ್ಕಿದ್ದು ಬಹುಪಾಲು ತೆವಳುತ್ತದೆ ಅಥವಾ ಕುಂಟುತ್ತ ಇಳಿಯುತ್ತದೆ. 48 ಗಂಟೆಗಳಲ್ಲಿ ಶೇಕಡ 66ರಷ್ಟು ಏರದಿದ್ದರೆ ಅನುಮಾನ ಎಂದು 1981ರಲ್ಲಿ ಹೇಳಲಾಯಿತು.

ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಇನ್ನೊಂದು ಬಗೆಯ ಅನಾಹುತವಿದೆ. ನಿಧಾನವಾಗಿ ಏರಿದರೂ ಆರೋಗ್ಯವಾಗಿರುವ ಬಸಿರುಗಳು ಇವೆ. ಅವಸರದ ವೈದ್ಯ ಅದನ್ನು ಎಕ್ಟೋಪಿಕ್ ಎಂದು ತಿಳಿದು ಮದ್ದು ಕೊಟ್ಟರೆ ತಾಯಿ ಬಯಸಿದ ಮಗುವೇ ಹೋಗಿಬಿಡುತ್ತದೆ. 2004ರಲ್ಲಿ ಅಮೆರಿಕದ ಕರ್ಟ್ ಬಾರ್ನ್‌ಹಾರ್ಟ್ ಅವರ ತಂಡ ಕನಿಷ್ಠ ಏರಿಕೆಯ ಗಡಿಯನ್ನು ಶೇಕಡ 53ಕ್ಕೆ ಇಳಿಸಿತು. 2016ರಲ್ಲಿ ಮತ್ತೆ ತಿದ್ದುಪಡಿಯಾಯಿತು: ಮೊದಲ ಅಳತೆ 1500ಕ್ಕಿಂತ ಕಡಿಮೆಯಿದ್ದರೆ 49, 3000 ದಾಟಿದ್ದರೆ 33. ಖಾಲಿ ಗರ್ಭಕೋಶದ ಮಟ್ಟವನ್ನೂ ಎಚ್ಚರಿಕೆಯಿಂದ 3500ರವರೆಗೆ ಏರಿಸಿಕೊಳ್ಳಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 2018ರಲ್ಲಿ ಸಲಹೆ ಮಾಡಿತು. ನೋಡಿ, ಉಪಕರಣ ಸೂಕ್ಷ್ಮವಾದಂತೆ ವೈದ್ಯರ ಮಾತು ಹೆಚ್ಚು ವಿನಯದ್ದಾಗಿದೆ. ಬಸಿರಿದೆ, ಆದರೆ ಜಾಗ ಇನ್ನೂ ಗೊತ್ತಾಗಿಲ್ಲ ಎಂಬ ಸ್ಥಿತಿಗೇ ಈಗ ‘ನೆಲೆ ತಿಳಿಯದ ಬಸಿರು’ ಎಂಬರ್ಥದ ಹೆಸರಿದೆ. ಅದು ರೋಗದ ಹೆಸರಲ್ಲ. ಈಕೆಯನ್ನು ಕೈಬಿಡಬೇಡಿ, ಮತ್ತೆ ಕರೆಸಿ ಎಂಬ ಆದೇಶ.

ಬೇಗ ಪತ್ತೆಯಾದುದರಿಂದಲೇ ಚಾಕು ಇಲ್ಲದ ಚಿಕಿತ್ಸೆ ಸಾಧ್ಯವಾಯಿತು. 1982ರಲ್ಲಿ ಜಪಾನಿನ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಮದ್ದಿನಿಂದ ಎಕ್ಟೋಪಿಕ್ ಗುಣಪಡಿಸಿದ್ದನ್ನು ವರದಿ ಮಾಡಿದರು. ಬೆಳೆಯುವ ಜೀವಕೋಶಗಳನ್ನು ತಡೆಯುವ ಈ ಮದ್ದು ಮೂಲತಃ ಕ್ಯಾನ್ಸರ್‌ಗೆ ಬಂದದ್ದು. ಆ ಬಗೆಯ ಮದ್ದುಗಳನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಾಳ ಒಡೆಯದೆ, ಗಾತ್ರ ಚಿಕ್ಕದಿದ್ದು, ಹಾರ್ಮೋನು ಕಡಿಮೆಯಿದ್ದು, ಮತ್ತೆ ಮತ್ತೆ ಪರೀಕ್ಷೆಗೆ ಬರಬಲ್ಲವಳಿಗೆ ಈ ಚುಚ್ಚುಮದ್ದು ಸಾಕಾಗಬಹುದು. ಒಡೆದವಳಿಗೆ ಇಂದಿಗೂ ಟೇಟ್ ತೋರಿದ ದಾರಿಯೇ.

ಪ್ರನಾಳ ಶಿಶುವಿನ ಚರಿತ್ರೆಯಲ್ಲೂ ಇದರ ನೆರಳಿದೆ. ಸ್ಟೆಪ್ಟೊ ಮತ್ತು ಎಡ್ವರ್ಡ್ಸ್ 1976ರಲ್ಲಿ ವರದಿ ಮಾಡಿದ ಬಸಿರು ನಾಳದಲ್ಲಿ ನಿಂತು ವಿಫಲವಾಗಿತ್ತು. ಲೂಯಿಸ್ ಬ್ರೌನ್ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ, 1978ರ ಜುಲೈ 25ರಂದು. ಗರ್ಭಕೋಶದೊಳಗೇ ಭ್ರೂಣ ಇಟ್ಟರೂ ಅದು ನಾಳಕ್ಕೆ ಸರಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮನೆಯಂಗಳದಲ್ಲಿ

ಯಂತ್ರ, ರಕ್ತಪರೀಕ್ಷೆ ಎಲ್ಲ ಇದ್ದರೂ ಪತ್ತೆಯ ಮೊದಲ ಮೆಟ್ಟಿಲು ಒಂದು ಪ್ರಶ್ನೆ: ಕೊನೆಯ ಬಾರಿ ಮುಟ್ಟಾದದ್ದು ಯಾವಾಗ? ನಮ್ಮಲ್ಲಿ ಅಷ್ಟು ಸುಲಭವಾಗಿ ಉತ್ತರ ಸಿಗದ ಪ್ರಶ್ನೆಯಿದು. ಮುಟ್ಟನ್ನು ಮುಟ್ಟು ಎನ್ನದೆ ‘ಹೊರಗಾಗುವುದು’ ಎಂದು ಮರೆಸಿ ಹೇಳುವ ಸಮಾಜ ನಮ್ಮದು. ಅತ್ತೆಯೋ ತಂದೆಯೋ ಪಕ್ಕದಲ್ಲಿ ನಿಂತಿರುವಾಗ ಮದುವೆಯಾಗದ ಹುಡುಗಿ, ಗಂಡ ದೂರದ ಊರಿನಲ್ಲಿರುವ ಹೆಂಗಸು ಏನು ಹೇಳಬಲ್ಲಳು? ಹೊಟ್ಟೆನೋವು ಎಂದು ಬಂದವಳನ್ನು ಒಂದು ನಿಮಿಷ ಒಬ್ಬಳನ್ನೇ ಕೂರಿಸಿ ಕೇಳುವ ವೈದ್ಯೆ, ಕೇಳದೆಯೂ ಮೂತ್ರಪರೀಕ್ಷೆಗೆ ಬರೆಯುವ ವೈದ್ಯ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಸ್ರಾವವೂ ದಾರಿ ತಪ್ಪಿಸುತ್ತದೆ. ಎಕ್ಟೋಪಿಕ್ ಆದವಳಿಗೆ ಆಗುವ ಚೂರುಪಾರು ಸ್ರಾವವನ್ನು ತಡವಾಗಿ ಬಂದ ಮುಟ್ಟು ಎಂದೇ ತಿಳಿಯುವವರು ಬಹಳ.

ಎರಡನೆಯ ತೊಡಕು ‘ಆಪರೇಷನ್ ಆಗಿದೆ’ ಎಂಬ ಮಾತು. ಕರ್ನಾಟಕದಲ್ಲಿ ಸಂತಾನ ನಿಯಂತ್ರಣವೆಂದರೆ ಮುಖ್ಯವಾಗಿ ಹೆಣ್ಣಿನ ಶಸ್ತ್ರಚಿಕಿತ್ಸೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಆಗಿತ್ತು. ಈ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ. ಆದರೆ ವಿಫಲವಾದಾಗ ಬಸಿರು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹೀಗೆ ನಿಂತ ಬಸಿರುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಎಕ್ಟೋಪಿಕ್ ಆಗಿದ್ದವು, ಅದೂ ಹಲವು ವರ್ಷಗಳ ಬಳಿಕ. ಆಪರೇಷನ್ ಆದವಳಿಗೆ ಬಸಿರು ಎಲ್ಲಿಂದ ಎಂದು ಮನೆಯವರೂ ವೈದ್ಯರೂ ನಗುವ ಹೊತ್ತಿನಲ್ಲಿ ಒಳಗೆ ರಕ್ತ ಸೋರುತ್ತಿರಬಹುದು.

ಮೂರನೆಯದು ಗರ್ಭಪಾತದ ಮಾತ್ರೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಈ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವವರಿದ್ದಾರೆ. ಮಾತ್ರೆ ಗರ್ಭಕೋಶವನ್ನು ಹಿಂಡಿ ರಕ್ತ ಹೊರಹಾಕುತ್ತದೆ. ನಾಳದಲ್ಲಿರುವ ಗರ್ಭಕ್ಕೆ ಅದು ನಾಟುವುದಿಲ್ಲ. ರಕ್ತ ಹೋಯಿತು, ಕೆಲಸ ಮುಗಿಯಿತು ಎಂದುಕೊಂಡವಳು ಬಳಿಕ ನೋವು ಬಂದರೂ ಅದನ್ನು ಮಾತ್ರೆಯ ತಲೆಗೆ ಕಟ್ಟಿ ಸುಮ್ಮನಿರುತ್ತಾಳೆ.

ಸ್ಕ್ಯಾನ್ ಮಾಡಿಸಿದರೆ ಕಾನೂನಿನ ತೊಡಕು ಎಂಬ ಭಯವೂ ಕೆಲವರಲ್ಲಿದೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಇದಕ್ಕೆ ಅಡ್ಡಿಯಲ್ಲ. ಕಾಯ್ದೆಯಡಿ ಭರ್ತಿ ಮಾಡುವ ನಮೂನೆಯಲ್ಲಿ ಸ್ಕ್ಯಾನಿಗೆ ಒಪ್ಪಿತವಾದ ಕಾರಣಗಳ ಪಟ್ಟಿ ಶುರುವಾಗುವುದೇ ಬಸಿರು ಗರ್ಭಕೋಶದ ಒಳಗಿದೆಯೇ ಹೊರಗಿದೆಯೇ ಎಂದು ತಿಳಿಯುವುದರಿಂದ.

ಮುಟ್ಟು ತಪ್ಪಿ ಕಿಬ್ಬೊಟ್ಟೆ ನೋಯುತ್ತಿದ್ದರೆ, ಅದರಲ್ಲೂ ಒಂದೇ ಬದಿ ನೋಯುತ್ತಿದ್ದರೆ, ಅಥವಾ ಅಕಾಲದಲ್ಲಿ ಸ್ರಾವ ಕಂಡರೆ ಅಂದೇ ಪರೀಕ್ಷೆ ಮಾಡಿಸಬೇಕು. ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಹೆಗಲ ತುದಿಯ ನೋವು ಸೇರಿದರೆ ಗಂಟೆಗಳ ಲೆಕ್ಕ. ಆಗ ಹೋಗಬೇಕಾದದ್ದು ಶಸ್ತ್ರಚಿಕಿತ್ಸೆ ಮಾಡಬಲ್ಲ, ರಕ್ತ ಕೊಡಬಲ್ಲ ಆಸ್ಪತ್ರೆಗೆ. ಎರಡು ದಿನ ಬಿಟ್ಟು ರಕ್ತಪರೀಕ್ಷೆಗೆ ಬನ್ನಿ ಎಂದು ವೈದ್ಯರು ಹೇಳಿದರೆ ಅದು ಹಣ ಕೀಳುವ ಉಪಾಯವಲ್ಲ, ಆ ಎರಡನೇ ಸಂಖ್ಯೆಯಲ್ಲೇ ಉತ್ತರವಿದೆ. ಮೊದಲ ದಿನ ನೋವು ತಗ್ಗಿತೆಂದು ಹೊಲಕ್ಕೋ ಕೆಲಸಕ್ಕೋ ಹೊರಟವಳನ್ನು ಮನೆಯವರೇ ತಡೆದು ಕರೆದೊಯ್ಯಬೇಕು.

1881ರಲ್ಲಿ ಹಾಲ್‌ರೈಟ್ ಅವರ ಬಳಿ ಇಲಿಯಿರಲಿಲ್ಲ, ಪ್ರತಿಕಾಯವಿರಲಿಲ್ಲ, ಸ್ಕ್ಯಾನ್ ಇರಲಿಲ್ಲ. ರೋಗಿಯ ಮಾತನ್ನು ಕೇಳಿ, ಹೊಟ್ಟೆಯನ್ನು ಮುಟ್ಟಿ ನೋಡಿ ಅವರು ಸರಿಯಾಗಿಯೇ ಹೇಳಿದ್ದರು. ಕೇಳಿಸಿಕೊಂಡವರು ನಂಬಲಿಲ್ಲ. ಆ ತಪ್ಪನ್ನು ಟೇಟ್ ಮತ್ತೆ ಮಾಡಲಿಲ್ಲ. ನಮ್ಮ ನಡುವಿನ ಹೆಣ್ಣುಮಗಳೊಬ್ಬಳು ‘ಏನೋ ಸರಿಯಿಲ್ಲ’ ಎಂದಾಗ ನಂಬುವುದನ್ನು ನಾವೂ ಕಲಿತರೆ ಸಾಕು.